ಬಿಚ್ಚಿದ ಬಂಡಿಯನ್ನು ಮರಳಿ ಕೂಡಿಸುವ ಕಾಯಕ

ಮೈಸೂರು, ಮಂಡ್ಯ, ಹಾಸನ, ತುಮಕೂರು ಸೀಮೆಗಳಲ್ಲಿ ನಮ್ಮ ಸಮಾಜ ಬಾಂಧವರ ಹಳೆಯ ಮನೆಗಳ ಕೊಟ್ಟಿಗೆ, ಹಿತ್ತಿಲು, ಅಟ್ಟಗಳನ್ನು ನೋಡಿದರೆ ಒಂದು ಹಳೆಯ ಮೋಟಾರು ಸೈಕಲ್ಲು, ಇಲ್ಲವೆ ಅದರ ಅರ್ಧ ಭಾಗವಾದರೂ, ಇಂದಿಗೂ ಕಣ್ಣಿಗೆ ಬೀಳುವುದುಂಟು. ಬಹುಪಾಲು ಅದು ಜಾವಾ, ತಪ್ಪಿದರೆ ಯೆಜ್ಡಿ. ಅಜ್ಜನವರು ಸಂತೆಗೆ, ಮಠದ ಜಾತ್ರೆಗೆ, ಬೀಗರ ಊರಿಗೆ ಹೋಗಿಬರುತ್ತಿದ್ದ ಬಂಡಿ. ಅಜ್ಜಿಯವರು ಮಡಿಲಲ್ಲಿ ಕೂಸನ್ನು ಹಿಡಿದು ಹಿಂದೆ ಕುಳಿತು ತವರಿಗೆ ಹೋಗುತ್ತಿದ್ದ ಬಂಡಿ. ಇಂದು ಅದರ ಮೇಲೆ ಹುಲ್ಲಿನ ಧೂಳು, ಟ್ಯಾಂಕಿನೊಳಗೆ ತುಕ್ಕು. ಇಂಥದನ್ನು ಮನೆಯಲ್ಲಿಯೇ ಬಿಚ್ಚಿ, ತೊಳೆದು, ಮತ್ತೆ ಓಡುವಂತೆ ಮಾಡಬೇಕೆಂಬ ಹಂಬಲ ನಮ್ಮ ಯುವಕ ಯುವತಿಯರಲ್ಲಿ ಮೂಡಿರುವುದು ಸಂತೋಷದ ಸಂಗತಿ. ಆದರೆ ಅವರಲ್ಲಿ ಹಲವರ ಕೆಲಸ ಅರ್ಧಕ್ಕೆ ನಿಲ್ಲುತ್ತಿರುವುದನ್ನೂ ನಾವು ಕಾಣುತ್ತಿದ್ದೇವೆ. ಅದು ನಿಲ್ಲುವುದು ಬಿಚ್ಚುವಾಗಲ್ಲ, ಕೂಡಿಸುವಾಗ. ಆದುದರಿಂದ ಕೂಡಿಸುವ ಕೆಲಸವನ್ನೇ ಕುರಿತು ಇಲ್ಲಿ ನಾಲ್ಕು ಮಾತು ಬರೆಯಲು ಬಯಸಿದ್ದೇವೆ.

ಮೊದಲು ಬಂಡಿಯ ಪರಿಚಯ. 1929ರಲ್ಲಿ ಜೆಕೊಸ್ಲೊವಾಕಿಯ ದೇಶದ ಫ್ರಾಂಟಿಶೆಕ್ ಯಾನೆಚೆಕ್ ಎಂಬವರು ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರು ಸೈಕಲ್ ತಯಾರಿಸುವ ಹಕ್ಕನ್ನು ಪಡೆದರು. ತಮ್ಮ ಹೆಸರಿನ ಆರಂಭವನ್ನೂ ಆ ಕಂಪನಿಯ ಹೆಸರಿನ ಆರಂಭವನ್ನೂ ಜೋಡಿಸಿ ಬಂಡಿಗೆ ಹೆಸರಿಟ್ಟರು. ಅವರ ನಾಡಿನ ಉಚ್ಚಾರಣೆಯಲ್ಲಿ ಅದು 'ಯಾವಾ'. ನಮ್ಮ ನಾಲಗೆಯ ಮೇಲೆ 'ಜಾವಾ' ಆಯಿತು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಯಿತು. ಆಗ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜ ಒಡೆಯರು ಅದನ್ನು ಉದ್ಘಾಟಿಸಿದರು. 1973ರಿಂದ ಅಲ್ಲಿಯ ಬಂಡಿಗಳಿಗೆ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಎಂಬ ಹೆಸರಿನಲ್ಲಿಯೂ 2022ರಲ್ಲಿ ಯೆಜ್ಡಿ ಎಂಬ ಹೆಸರಿನಲ್ಲಿಯೂ ಬೇರೊಂದು ಕಂಪನಿಯ ಹೊಸ ಬಂಡಿಗಳು ಬಂದಿವೆಯಾದರೂ ಅವುಗಳ ಇಂಜಿನ್ನೇ ಬೇರೆ ಜಾತಿಯದು. ಅವುಗಳ ಬಿಡಿಭಾಗ ಹಳೆಯದಕ್ಕೆ ಹೊಂದದು.

ಹಳೆಯ ಜಾವಾದ್ದು ಎರಡು ಸ್ಟ್ರೋಕಿನ, ಒಂದೇ ಸಿಲಿಂಡರಿನ, 250 ಸಿಸಿ ವರ್ಗದ ಇಂಜಿನ್ನು. ಸಿಲಿಂಡರಿನ ವ್ಯಾಸ 65 ಮಿಲಿಮೀಟರ್, ಪಿಸ್ಟನ್ನಿನ ಓಟ 75 ಮಿಲಿಮೀಟರ್. ಹೊಗೆ ಹೋಗುವ ಕೊಳವೆ ಮಾತ್ರ ಎರಡು. ಅದನ್ನು ಕಂಡು ಸಿಲಿಂಡರೂ ಎರಡಿರಬೇಕೆಂದು ವಾದಿಸುವವರನ್ನು ನಾವು ಎಷ್ಟೋ ಮದುವೆ ಮನೆಗಳಲ್ಲಿ ಕಂಡಿದ್ದೇವೆ. ಎಡಗಡೆಯ ಒಂದೇ ಲಿವರು ಕಿಕ್ಕಿಗೂ ಗೇರಿಗೂ ಒದಗುತ್ತದೆ: ಒದ್ದು ಚಾಲೂ ಮಾಡಿ, ಒಳಕ್ಕೆ ಒತ್ತಿ ಮುಂದಕ್ಕೆ ಮಲಗಿಸಿದರೆ ಅದೇ ಗೇರ್ ಲಿವರು. ಒಟ್ಟಿನಲ್ಲಿ ಸರಳವಾದ ಯಂತ್ರ. ಮನೆಯಲ್ಲಿ ಕೂತು ಕೂಡಿಸಬಹುದಾದಂಥ ಬಂಡಿಗಳಲ್ಲಿ ಇದಕ್ಕಿಂತ ಸರಳವಾದದ್ದು ದೊರೆಯುವುದು ಕಷ್ಟ ಎಂದರೆ ಅತಿಶಯೋಕ್ತಿಯಾಗಲಾರದು.

ಹೀಗಿದ್ದರೂ ಗುಜರಿ ಸೇರಿದ ಜಾವಾಗಳಲ್ಲಿ ಬಹಳಷ್ಟು ತುಕ್ಕಿನಿಂದ ಸತ್ತವಲ್ಲ, ಗೋಣಿಚೀಲದಿಂದ ಸತ್ತವು. ಬಿಚ್ಚುವುದು ಒಂದು ಭಾನುವಾರದ ಕೆಲಸ. ಉತ್ಸಾಹದಲ್ಲಿ ಎಲ್ಲವನ್ನೂ ಬಿಚ್ಚಿ, ನಟ್ಟು ಬೋಲ್ಟುಗಳನ್ನೆಲ್ಲ ಒಂದೇ ಚೀಲಕ್ಕೆ ಸುರಿದು ಕಟ್ಟಿಟ್ಟರೆ, ಆರು ತಿಂಗಳ ಬಳಿಕ ಆ ಚೀಲದ ಬಾಯಿ ಬಿಚ್ಚುವ ಧೈರ್ಯ ಯಾರಿಗೂ ಬರುವುದಿಲ್ಲ. ಮಳೆಗಾಲ ಕಳೆಯುತ್ತದೆ, ಮನೆಗೆ ಸುಣ್ಣ ಬಳಿಯುವ ಹೊತ್ತು ಬರುತ್ತದೆ, ಚೀಲ ತೂಕಕ್ಕೆ ಹೋಗುತ್ತದೆ. ಜಂಗಮವಾಗಬೇಕಾಗಿದ್ದ ವಸ್ತು ಸ್ಥಾವರವಾಗಿ, ಕಡೆಗೆ ಕಬ್ಬಿಣವಾಗಿ ಮುಗಿಯುತ್ತದೆ.

ಆದುದರಿಂದ ಕೂಡಿಸುವ ಕೆಲಸ ಬಿಚ್ಚುವ ದಿನವೇ ಆರಂಭವಾಗಬೇಕು. ಬಿಚ್ಚಿದ ನಟ್ಟನ್ನು ಅದರದೇ ಬೋಲ್ಟಿಗೆ, ಅದರದೇ ವಾಷರಿನೊಡನೆ, ಕೂಡಲೇ ಎರಡು ಸುತ್ತು ತಿರುಗಿಸಿ ಇಡಬೇಕು. ಗೇರಿನ ದಂಡದ ಮೇಲಿನ ತೆಳು ವಾಷರುಗಳನ್ನು ಬಂದ ಅನುಕ್ರಮದಲ್ಲಿಯೇ ಒಂದು ತಂತಿಗೆ ಪೋಣಿಸಬೇಕು. ಅವುಗಳಲ್ಲಿ ಒಂದು ಹಿಂದುಮುಂದಾದರೂ ಗೇರು ಕಚ್ಚುವುದಿಲ್ಲ. ಪ್ರತಿ ಡಬ್ಬಿಗೂ ಚೀಟಿ ಬೇಕು. ಚೀಟಿಯನ್ನು ಸೀಸದ ಕಡ್ಡಿಯಲ್ಲಿ ಬರೆಯುವುದು ಲೇಸು, ಶಾಯಿ ಎಣ್ಣೆಗೆ ಹರಡುತ್ತದೆ. ಈಗ ಎಲ್ಲರ ಕೈಯಲ್ಲಿಯೂ ಮೊಬೈಲ್ ಇರುವುದರಿಂದ ಒಂದೊಂದು ಹಂತಕ್ಕೂ ಚಿತ್ರ ತೆಗೆಯುವುದು ಸುಲಭವಾಗಿದೆ. ಕೇಬಲ್ಲು ಟ್ಯಾಂಕಿನ ಯಾವ ಬದಿಯಿಂದ ಹಾದಿತ್ತು, ವೈರಿನ ಗೊಂಚಲು ಯಾವ ಕೊಂಡಿಯ ಹಿಂದೆ ಇಳಿದಿತ್ತು ಎಂಬುದು ನೆನಪಿನಲ್ಲಿ ಉಳಿಯುವ ವಿಷಯವಲ್ಲ, ಚಿತ್ರದಲ್ಲಿ ಉಳಿಯುತ್ತದೆ. ತೊಳೆಯಲು ಬಳಸುವ ಡೀಸೆಲ್ಲು, ಪೆಟ್ರೋಲುಗಳನ್ನು ಅಡುಗೆಮನೆ, ದೇವರ ಮನೆಗಳ ದೀಪದ ಸಮೀಪಕ್ಕೆ ತರಲೇಬಾರದು. ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು ಇರುವ ಸಂಭವವುಂಟು. ಆ ಡ್ರಮ್ಮಿನ ಧೂಳನ್ನು ಬಾಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಮಕ್ಕಳು ಸುತ್ತ ಕುಳಿತಿರುವ ಅಂಗಳದಲ್ಲಿ ಇದನ್ನು ಮರೆಯುವಂತಿಲ್ಲ.

ಎರಡು ಮನೆಯಲ್ಲಿ ಒಂದು ಬಂಡಿ

ತುಮಕೂರು ಸೀಮೆಯ ಒಂದು ಕುಟುಂಬದ ಸಂಗತಿಯನ್ನು ಇಲ್ಲಿ ಹೇಳಬೇಕು. ತಂದೆಯವರು ಇಂಜಿನ್ನನ್ನು ದುರಸ್ತಿಗೆಂದು ಇಳಿಸಿದವರು, ಕೂಡಿಸುವ ಮೊದಲೇ ಲಿಂಗೈಕ್ಯರಾದರು. ಮುಂದೆ ಅಣ್ಣತಮ್ಮಂದಿರು ಬೇರೆಯಾದಾಗ ಚಾಸಿ ಊರಿನಲ್ಲಿ ಅಣ್ಣನ ಪಾಲಿಗೂ, ಇಂಜಿನ್ನಿನ ಪೆಟ್ಟಿಗೆ ಬೆಂಗಳೂರಿನಲ್ಲಿ ತಮ್ಮನ ಪಾಲಿಗೂ ಉಳಿದವು. ಆರ್.ಸಿ. ಪುಸ್ತಕ ತಾಯಿಯವರ ಟ್ರಂಕಿನಲ್ಲಿತ್ತು. ಜಗಳವೆಂಬುದೇನೂ ಇರಲಿಲ್ಲ, ಯಾರೂ ಯಾರನ್ನೂ ಕೇಳಲಿಲ್ಲ, ಅಷ್ಟೇ. ಹೀಗೆ ಇಪ್ಪತ್ತು ವರ್ಷಗಳಿಗೂ ಮೇಲಾಯಿತು. ಅಣ್ಣನ ಮಗಳು ಇಂಜಿನಿಯರಿಂಗ್ ಓದುವಾಗ "ದೊಡ್ಡದೊಂದು ಕಬ್ಬಿಣದ ಪೆಟ್ಟಿಗೆ ಚಿಕ್ಕಪ್ಪನ ಮನೆಯಲ್ಲಿದೆಯಂತಲ್ಲ, ತರಲೇ?" ಎಂದು ಕೇಳಿದಳಂತೆ. ಚಿಕ್ಕಪ್ಪನವರು ಪೆಟ್ಟಿಗೆಯ ಜೊತೆಗೆ ತಾವೂ ಬಂದರು. ಪೆಟ್ಟಿಗೆ ತೆರೆದಾಗ ತಂದೆಯವರ ಕೈಬರಹದ ಚೀಟಿಗಳು ಪ್ರತಿ ಪೊಟ್ಟಣದ ಮೇಲೂ ಇದ್ದವು: "ಕ್ಲಚ್ ಸ್ಪ್ರಿಂಗ್", "ಬಲಗಡೆ ಸೀಲ್ ಹೊಸದು ತರಬೇಕು." ಆ ಒಂದು ಚೀಟಿಯಿಂದಲೇ ಇಂಜಿನ್ ಏತಕ್ಕೆ ಕೆಳಗಿಳಿದಿತ್ತೆಂಬುದು ತಿಳಿಯಿತು. ಗೋಣಿಚೀಲಕ್ಕೂ ಚೀಟಿ ಹಚ್ಚಿದ ಪೊಟ್ಟಣಕ್ಕೂ ಇರುವ ಅಂತರ ಇದು.

ಬಣ್ಣಕ್ಕೆ ಮುನ್ನ ಒಮ್ಮೆ ಕೂಡಿಸಿ

ಬಿಚ್ಚಿದ ಕೂಡಲೇ ಚಾಸಿಯನ್ನು ಬಣ್ಣಕ್ಕೆ ಕಳುಹಿಸುವುದು ಎಲ್ಲರ ಆತುರ. ನಮ್ಮ ಅಭಿಪ್ರಾಯದಲ್ಲಿ ಇದು ತರವಲ್ಲ. ಬಣ್ಣವಿಲ್ಲದ ಚಾಸಿಯ ಮೇಲೆಯೇ ಫೋರ್ಕು, ಚಕ್ರ, ಮಡ್‌ಗಾರ್ಡು, ಟ್ಯಾಂಕು, ಸೀಟು, ಸೈಲೆನ್ಸರುಗಳನ್ನು ಒಮ್ಮೆ ಪೂರ್ತಿಯಾಗಿ ಕೂರಿಸಿ ನೋಡಬೇಕು. ಪೇಟೆಯಲ್ಲಿ ಹೊಸದಾಗಿ ದೊರೆಯುವ ಮಡ್‌ಗಾರ್ಡುಗಳ ತೂತುಗಳು ಎಷ್ಟೋ ಸಲ ಸರಿಯಾಗಿ ಎದುರಾಗುವುದಿಲ್ಲ. ತೂತು ಅಗಲಿಸುವುದು, ಬೆಸುಗೆ ಹಾಕುವುದು ಎಲ್ಲವೂ ಈ ಹಂತದಲ್ಲಿ ಮುಗಿಯಬೇಕು. ಬಣ್ಣ ಬಳಿದ ಮೇಲೆ ಅರ ಹಿಡಿದರೆ ಹಣವೂ ಹೋಯಿತು, ಮನಸ್ಸೂ ಮುರಿಯಿತು. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರಗಳಲ್ಲಿ ಅಲೆಯುವವರು ಹಳೆಯ ಭಾಗವನ್ನು ಕೈಯಲ್ಲಿ ಹಿಡಿದೇ ಹೋಗಬೇಕು. ಬಾಯಿಮಾತಿನ ವರ್ಣನೆಗೆ ಅಂಗಡಿಯವರು ಕೊಡುವುದು ಬೇರೆಯೇ ಇರುತ್ತದೆ.

ಬಣ್ಣಕ್ಕೆ ಕೊಡುವಾಗ ಎರಡು ಎಚ್ಚರಿಕೆ. ಚಾಸಿಯ ಮೇಲೆ ಗುದ್ದಿರುವ ನಂಬರು ಪುಟ್ಟಿಯಲ್ಲಿ ಮುಚ್ಚಿಹೋಗಬಾರದು, ಉಜ್ಜುವಾಗ ಸವೆಯಲೂಬಾರದು. ಸಾರಿಗೆ ಕಚೇರಿಯ ತನಿಖೆಗೆ ಅದೇ ಆಧಾರ. ಮತ್ತೊಂದು, ಬೇರಿಂಗ್ ಕೂರುವ ಬಟ್ಟಲು, ಬೋಲ್ಟಿನ ಸುತ್ತು, ಅರ್ತ್ ವೈರು ತಗಲುವ ಜಾಗಗಳಿಗೆ ಬಣ್ಣ ತಗಲದಂತೆ ಮರೆಮಾಡಿಸಬೇಕು. ಹಳೆಯ ಜಾವಾದ ವಿದ್ಯುತ್ತು 6 ವೋಲ್ಟಿನದು. ಅದು ಮರಳುವುದು ಚಾಸಿಯ ಕಬ್ಬಿಣದ ಮೂಲಕ. ಈಗಿನ ಪೌಡರ್ ಕೋಟಿಂಗ್ ಎಂಬ ಗಟ್ಟಿ ಬಣ್ಣ ವಿದ್ಯುತ್ತನ್ನು ಹಾಯಗೊಡುವುದಿಲ್ಲ. ಎಲ್ಲವನ್ನೂ ಅಂದವಾಗಿ ಕೂಡಿಸಿದ ಮೇಲೆ ದೀಪ ಮಂಕಾಗಿ, ಹಾರ್ನು ಮೂಕವಾಗಿ, ಕಿಡಿ ಬಾರದೆ ದಿನಗಟ್ಟಲೆ ಪರದಾಡುವವರ ಕಷ್ಟದ ಮೂಲ ಹಲವು ವೇಳೆ ಈ ಬಣ್ಣವೇ.

ಇಂಜಿನ್ನಿನ ಒಳಗೆ

ಇಂಜಿನ್ನಿನ ಕೆಲಸದಲ್ಲಿ ಮನೆಯಲ್ಲಿ ಮಾಡುವುದು ಯಾವುದು, ಲೇತಿನವರಿಗೆ ಕೊಡುವುದು ಯಾವುದು ಎಂಬ ವಿವೇಕ ಮೊದಲು ಬೇಕು. ಕ್ರ್ಯಾಂಕು ಒತ್ತಡದಿಂದ ಬಿಗಿದು ಜೋಡಿಸಿದ ಭಾಗ. ಅದರ ಕನೆಕ್ಟಿಂಗ್ ರಾಡ್ ಬದಲಿಸಿ ನೇರ ಮಾಡುವುದಕ್ಕೆ ಪ್ರೆಸ್ಸೂ ಅಳತೆಯ ಸಾಧನವೂ ಬೇಕು. ಸಿಲಿಂಡರನ್ನು ಕೊರೆಸುವುದೂ ಅಲ್ಲಿಯದೇ. ಉಳಿದುದೆಲ್ಲ ತಾಳ್ಮೆಯ ಕೈಗೆ ದಕ್ಕುವ ಕೆಲಸ. ಮಸಿಯ ಕೈ ನಮಗೇಕೆ ಎನ್ನುವ ಹಿರಿಯರು ನಮ್ಮಲ್ಲಿಯೂ ಇದ್ದಾರೆ. ಅವರಿಗೆ ಹೆಚ್ಚೇನೂ ಹೇಳಬೇಕಾಗಿಲ್ಲ: ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಮಡಿವಾಳ ಮಾಚಯ್ಯ ಎಂದು ಕಾಯಕದ ಹೆಸರನ್ನೇ ಮುಂದಿಟ್ಟು ಶರಣರನ್ನು ಕರೆಯುವ ಪರಂಪರೆ ನಮ್ಮದು.

ಕ್ರ್ಯಾಂಕ್ ಕೇಸಿಗೆ ಬೇರಿಂಗ್ ಕೂರಿಸುವಾಗ ಸುತ್ತಿಗೆ ಎತ್ತುವುದೇ ಬಹುತೇಕರ ಅಭ್ಯಾಸ. ಕೇಸು ಅಲ್ಯೂಮಿನಿಯಂ, ಬೇರಿಂಗು ಉಕ್ಕು. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಕೇಸನ್ನು 100 ಡಿಗ್ರಿಯ ಆಸುಪಾಸಿಗೆ ಸಮನಾಗಿ ಕಾಯಿಸಿ, ತಣ್ಣಗಿರುವ ಬೇರಿಂಗನ್ನು ನೇರವಾಗಿ ಇಳಿಬಿಟ್ಟರೆ ಅದು ತಾನಾಗಿಯೇ ಕೂರುತ್ತದೆ. ಬಡಿದು ಕೂರಿಸಿದರೆ ಓರೆಯಾಗಿ ಕೇಸೇ ಸೀಳುವ ಭಯವುಂಟು. ಕಾಯಿಸುವುದಕ್ಕೆ ಮನೆಯ ಇಡ್ಲಿ ಪಾತ್ರೆಯನ್ನು ಕೊಂಡೊಯ್ದ ಯುವಕರ ಕಥೆಗಳು ನಮ್ಮ ಕಿವಿಗೆ ಬಿದ್ದಿವೆ. ಆ ಪಾತ್ರೆ ಮತ್ತೆ ಅಡುಗೆಮನೆಗೆ ಮರಳಿ ಬರುವಂತಿಲ್ಲ ಎಂಬುದನ್ನು ಮನೆಯವರು ಮೊದಲೇ ತಿಳಿಸಿಬಿಡುವುದು ಒಳಿತು.

ಇನ್ನು ಆಯಿಲ್ ಸೀಲು. ಬೆಲೆಯಲ್ಲಿ ಅಲ್ಪ, ಮಹತ್ತ್ವದಲ್ಲಿ ಅಲ್ಲ. ಎರಡು ಸ್ಟ್ರೋಕಿನ ಇಂಜಿನ್ನಿನಲ್ಲಿ ಪೆಟ್ರೋಲಿನ ಮಿಶ್ರಣ ಮೊದಲು ಕ್ರ್ಯಾಂಕ್ ಕೇಸಿನೊಳಗೆ ಬಂದು, ಅಲ್ಲಿಂದ ಮೇಲಕ್ಕೆ ಏರುತ್ತದೆ. ಆ ಕೋಣೆ ಗಾಳಿ ಸೋರದಂತಿರಬೇಕು. ಎಡಗಡೆಯ ಸೀಲು ಸೋತರೆ ಕ್ಲಚ್ಚಿನ ಕಡೆಯ ಎಣ್ಣೆ ಒಳಕ್ಕೆ ಎಳೆದುಕೊಂಡು ಬೀದಿಯೆಲ್ಲ ಬಿಳಿ ಹೊಗೆಯಾಗುತ್ತದೆ. ಡೈನಮೋ ಇರುವ ಬಲಗಡೆಯದು ಸೋತರೆ ಹೊರಗಿನ ಗಾಳಿ ನುಗ್ಗಿ, ಮಿಶ್ರಣ ತೆಳುವಾಗಿ, ಇಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಓಡುತ್ತಿರುವಾಗ ಪಿಸ್ಟನ್ ಹಿಡಿಯುವುದೆಂದರೆ ಹಿಂದಿನ ಚಕ್ರ ಒಮ್ಮೆಲೇ ನಿಲ್ಲುವುದು ಎಂದೇ ಅರ್ಥ. ಹಿಂದೆ ಕುಳಿತವರ ಜೀವದ ಪ್ರಶ್ನೆ ಅದು. ಇಂಜಿನ್ ತೆರೆದ ಮೇಲೆ ಹಳೆಯ ಸೀಲನ್ನು ಮರಳಿ ಹಾಕುವ ಮಿತವ್ಯಯ ನಮಗೆ ಬೇಡ.

ಪಿಸ್ಟನ್ನಿನ ತೋಡುಗಳಲ್ಲಿ ಒಂದೊಂದು ಸಣ್ಣ ಮೊಳೆ ಇರುತ್ತದೆ. ರಿಂಗಿನ ಎರಡು ತುದಿಗಳು ಆ ಮೊಳೆಯ ಇಕ್ಕೆಲಕ್ಕೆ ಬರುವಂತೆ ಕೂರಿಸಿಯೇ ಸಿಲಿಂಡರನ್ನು ಇಳಿಸಬೇಕು. ಇಲ್ಲವಾದರೆ ರಿಂಗಿನ ತುದಿ ಸಿಲಿಂಡರಿನ ಕಿಂಡಿಗೆ ಸಿಕ್ಕಿ ಮುರಿಯುತ್ತದೆ. ಪಿಸ್ಟನ್ನಿನ ತಲೆಯ ಮೇಲಿನ ಬಾಣದ ಗುರುತು ಮುಂದಕ್ಕೆ, ಎಂದರೆ ಹೊಗೆ ಕೊಳವೆಯ ಕಡೆಗೆ. ಪಿಸ್ಟನ್ ಪಿನ್ನಿನ ಎರಡು ಬದಿಯ ಲಾಕುಗಳನ್ನು ಹೊಸದೇ ಹಾಕಬೇಕು. ಹಾಕುವ ಮುನ್ನ ಕ್ರ್ಯಾಂಕ್ ಕೇಸಿನ ಬಾಯಿಗೆ ಶುಭ್ರವಾದ ಬಟ್ಟೆ ತುರುಕಿರಬೇಕು. ಚಿಮ್ಮಿದ ಲಾಕು ಒಳಕ್ಕೆ ಬಿದ್ದಿತೆಂದರೆ ಮಾಡಿದ್ದೆಲ್ಲವನ್ನೂ ಮತ್ತೆ ಬಿಚ್ಚಬೇಕಾಗುತ್ತದೆ. ಸಿಲಿಂಡರಿನ ತಲೆಯ ನಟ್ಟುಗಳನ್ನು ಎದುರುಬದುರಾಗಿ, ಮೂರು ನಾಲ್ಕು ಸರದಿಗಳಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಯಾವ ಬೋಲ್ಟನ್ನೇ ಆಗಲಿ ಅಲ್ಯೂಮಿನಿಯಂ ತೂತಿಗೆ ಮೊದಲು ಬೆರಳಿನಿಂದಲೇ ತಿರುಗಿಸಿ, ಸರಾಗವಾಗಿ ಇಳಿಯಿತೆಂದು ಖಚಿತವಾದ ಮೇಲೆ ಸ್ಪ್ಯಾನರ್ ಹಿಡಿಯಬೇಕು. ಕ್ಲಚ್ಚಿನ ನಡುವಿನ ನಟ್ಟಿನಂಥ ಕಡೆಗಳಲ್ಲಿ ಎಡಸುತ್ತು ಇರಬಹುದು. ಬಲ ಹಾಕುವ ಮುನ್ನ ಸುತ್ತಿನ ದಿಕ್ಕನ್ನು ನೋಡಬೇಕು. ಎಡಗಡೆಯ ಕವರು ಮುಚ್ಚುವಾಗ ಕಿಕ್ಕಿನ ಸ್ಪ್ರಿಂಗಿಗೆ ತಕ್ಕಷ್ಟು ಸುತ್ತು ಕೊಟ್ಟಿರದಿದ್ದರೆ ಒದ್ದ ಲಿವರು ಮೇಲಕ್ಕೆ ಬರುವುದೇ ಇಲ್ಲ.

ಹಳೆಯ ಮೇಸ್ತ್ರಿಗಳ ಒಂದು ಕ್ರಮವನ್ನು ನಾವು ಬಹಳ ಮೆಚ್ಚುತ್ತೇವೆ. ಅವರು ಒಂದೊಂದು ಭಾಗ ಕೂರಿಸಿದ ಮೇಲೂ ಕ್ರ್ಯಾಂಕನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡುತ್ತಾರೆ. ಬಿಗಿ ಕಂಡರೆ ಈಗ ತಾನೆ ಹಾಕಿದ ಭಾಗದಲ್ಲಿಯೇ ದೋಷ, ಹುಡುಕಾಟವಿಲ್ಲ. ಎಲ್ಲವನ್ನೂ ಮುಗಿಸಿ ಕೊನೆಗೊಮ್ಮೆ ತಿರುಗಿಸುವವರು ಇಪ್ಪತ್ತು ಕಡೆ ಅನುಮಾನಪಡಬೇಕಾಗುತ್ತದೆ. ಮೈಸೂರಿನ ಕಾರ್ಖಾನೆಯಲ್ಲಿ ದುಡಿದವರು, ಅವರಿಂದ ಕಲಿತವರು ಈಗ ವೃದ್ಧರು. ಅಂಥವರು ಯಾರ ಊರಿನಲ್ಲಾದರೂ ಇದ್ದರೆ ಒಂದು ದಿನ ಮನೆಗೆ ಬರಮಾಡಿಕೊಂಡು, ಪ್ರಸಾದಕ್ಕೆ ಕೂರಿಸಿ, ಅವರ ಎದುರಿನಲ್ಲಿಯೇ ಕ್ಲಚ್ಚನ್ನೂ ಗೇರನ್ನೂ ಹೊಂದಿಸಿಕೊಳ್ಳಬೇಕು. ಗೇರ್ ಲಿವರನ್ನು ತುಳಿದಾಗ ಕೈಯ ಹಿಡಿ ಒತ್ತದೆಯೇ ಕ್ಲಚ್ ಬಿಡುವ ಏರ್ಪಾಡು ಈ ಬಂಡಿಯ ವಿಶೇಷ. ಅದರ ಸ್ಕ್ರೂವನ್ನು ಎಷ್ಟು ಸಡಿಲಿಸಬೇಕೆಂಬುದು ಅವರ ಬೆರಳಿಗೆ ಗೊತ್ತು. ಕಿಡಿಯ ಹೊತ್ತನ್ನು ಹೊಂದಿಸುವುದಕ್ಕೆ ಅಳತೆಯೇ ಇದೆ: ಪಾಯಿಂಟಿನ ಅಂತರ ಸುಮಾರು 0.4 ಮಿಲಿಮೀಟರ್, ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕೆ ಸುಮಾರು 3 ಮಿಲಿಮೀಟರ್ ಇರುವಾಗ ಪಾಯಿಂಟು ತೆರೆಯಬೇಕು.

ಚಾಸಿಗೆ ಮೊದಲು ಸ್ಟ್ಯಾಂಡು, ಹಿಂದಿನ ಸ್ವಿಂಗ್ ಆರ್ಮ್, ಮುಂದಿನ ಫೋರ್ಕು, ಚಕ್ರಗಳು, ಬಂಡಿ ತನ್ನ ಕಾಲಿನ ಮೇಲೆ ನಿಂತ ಮೇಲೆ ಇಂಜಿನ್ನು, ಆಮೇಲೆ ವೈರು, ಕೇಬಲ್ಲು, ಟ್ಯಾಂಕು ಕಟ್ಟಕಡೆಗೆ. ಹ್ಯಾಂಡಲ್ ತಿರುಗುವ ಕಡೆಯ ಗುಂಡುಗಳು ಬಿಡಿಬಿಡಿಯಾಗಿರುತ್ತವೆ, ಗ್ರೀಸಿನಲ್ಲಿ ಅಂಟಿಸಿ ಕೂರಿಸಬೇಕು, ಬಿಚ್ಚಿದಷ್ಟೇ ಎಣಿಸಿ ಹಾಕಬೇಕು. ಚೈನಿನ ಕೊಂಡಿಯ ಲಾಕಿನಲ್ಲಿ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು. ಜಾವಾದಲ್ಲಿ ಚೈನು ಪೂರ್ತಿ ಮುಚ್ಚಿರುವುದರಿಂದ ತಪ್ಪಿದ್ದರೂ ಹೊರಗೆ ಕಾಣದು. ಹ್ಯಾಂಡಲನ್ನು ಎರಡು ಬದಿಗೂ ಪೂರ್ತಿ ತಿರುಗಿಸಿದಾಗ ಯಾವ ಕೇಬಲ್ಲೂ ಎಳೆಯಬಾರದು. ಇಂಜಿನ್ ಚಾಲೂ ಮಾಡುವ ಮೊದಲು ಬ್ರೇಕನ್ನು ಪರೀಕ್ಷಿಸಬೇಕೇ ಹೊರತು ಆಮೇಲಲ್ಲ.

ಎಲ್ಲ ಮುಗಿದ ಮೇಲೆ ತಟ್ಟೆಯಲ್ಲಿ ಎರಡು ವಾಷರು, ಒಂದು ನಟ್ಟು ಉಳಿದಿರುವುದು ಸಾಮಾನ್ಯ. "ಇದಿಲ್ಲದೆಯೂ ಓಡುತ್ತದೆ" ಎಂದು ನಗುವವರುಂಟು. ಆಯ್ದಕ್ಕಿ ಲಕ್ಕಮ್ಮನವರು ಪತಿ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಅಲ್ಲಿಗೇ ಮರಳಿ ಸುರಿದು ಬರುವಂತೆ ಕಳುಹಿಸಿದರೆಂಬುದನ್ನು ನಮ್ಮ ಮಕ್ಕಳೂ ಬಲ್ಲರು. ಉಳಿದ ನಟ್ಟಿಗೂ ಅದರದೇ ಆದ ಜಾಗವಿದೆ. ಹುಡುಕಿ ಅಲ್ಲಿಗೇ ಸೇರಿಸಬೇಕು.

ಕಾಗದಪತ್ರ

ಬಂಡಿ ಕೂಡಿದರೆ ಸಾಲದು, ಅದರ ಕಾಗದವೂ ಕೂಡಬೇಕು. ಮಾಲೀಕರು ತೀರಿಕೊಂಡಾಗ ವಾರಸುದಾರರು 30 ದಿನಗಳಲ್ಲಿ ಸಾರಿಗೆ ಕಚೇರಿಗೆ ತಿಳಿಸಿ, ಮೂರು ತಿಂಗಳ ಒಳಗೆ ಫಾರಂ 31ರಲ್ಲಿ ಅರ್ಜಿ ಕೊಟ್ಟು ಹೆಸರು ಬದಲಿಸಿಕೊಳ್ಳಬೇಕೆಂಬುದು ನಿಯಮ. ಮೇಲೆ ಹೇಳಿದ ಕುಟುಂಬದಂತೆ ವರ್ಷಗಟ್ಟಲೆ ತಡವಾದವರು ವಾರಸಾ ಪತ್ರ, ಉಳಿದ ವಾರಸುದಾರರ ಒಪ್ಪಿಗೆ ಇವುಗಳನ್ನು ಸಿದ್ಧಮಾಡಿಕೊಂಡು ಕಚೇರಿಗೆ ಹೋಗಬೇಕಾಗುತ್ತದೆ. ಅಲ್ಲಿ ತಾಯಿಯವರೂ ಚಿಕ್ಕಪ್ಪನವರೂ ರುಜು ಹಾಕಿದರು. ಬಂಡಿ ಆ ಹೆಣ್ಣುಮಗಳ ತಂದೆಯ ಹೆಸರಿಗೆ ಬಂದಿತು. ಇಂಜಿನ್ ಕೂಡಿಸುವುದಕ್ಕಿಂತ ಹೆಚ್ಚು ತಿಂಗಳು ಇದಕ್ಕೇ ಹಿಡಿಯಿತೆಂದು ಅವರು ಹೇಳುತ್ತಾರೆ. ಆದುದರಿಂದ ಮೊದಲ ನಟ್ಟು ಬಿಚ್ಚುವ ಮೊದಲೇ ಆರ್.ಸಿ. ಯಾರ ಟ್ರಂಕಿನಲ್ಲಿದೆ ಎಂದು ಹುಡುಕಿರಿ.

ಹದಿನೈದು ವರ್ಷ ದಾಟಿದ ಬಂಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲ ರೂಪದಲ್ಲಿಯೇ ಇರುವ ಬಂಡಿಗಳಿಗೆ 2021ರ ಕೇಂದ್ರ ನಿಯಮದಂತೆ 'ವಿಂಟೇಜ್' ಎಂಬ ಬೇರೆ ನೋಂದಣಿಯೂ ಉಂಟು. ಅದರ ಅವಧಿ 10 ವರ್ಷ. ಆದರೆ ಹಾಗೆ ನೋಂದಾಯಿಸಿದ ಬಂಡಿಯನ್ನು ಪ್ರದರ್ಶನ, ರ‍್ಯಾಲಿ ಮೊದಲಾದವುಗಳಿಗೆ ಮಾತ್ರ ರಸ್ತೆಗೆ ತರಬಹುದು, ದಿನನಿತ್ಯದ ಓಡಾಟಕ್ಕೆ ಅಲ್ಲ. ಸಂತೆಗೂ ಜಾತ್ರೆಗೂ ಓಡಿಸಬೇಕೆನ್ನುವವರಿಗೆ ಸಾಮಾನ್ಯ ನವೀಕರಣವೇ ಮೇಲು.

ಬಂಡಿ ಚಾಲೂ ಆದ ದಿನ ಮನೆಯವರೆಲ್ಲ ವಿಭೂತಿ ಹಚ್ಚಿ ಸಂಭ್ರಮಿಸುತ್ತಾರೆ, ಸಂಭ್ರಮಿಸಲಿ. ಪೆಟ್ರೋಲಿಗೆ ಎಣ್ಣೆ ಬೆರೆಸುವುದನ್ನು ಮಾತ್ರ ಆ ಗದ್ದಲದಲ್ಲಿ ಮರೆಯಬಾರದು. 25 ಪಾಲಿಗೆ ಒಂದು ಪಾಲು ಎರಡು ಸ್ಟ್ರೋಕಿನ ಎಣ್ಣೆ, ಹೊಸ ಪಿಸ್ಟನ್ ಹಾಕಿದ್ದರೆ ಮೊದಲ ಕೆಲವು ನೂರು ಕಿಲೋಮೀಟರಿಗೆ 20ಕ್ಕೆ ಒಂದು. ನೂರು ಕಿಲೋಮೀಟರ್ ಓಡಿದ ಮೇಲೆ, ಇಂಜಿನ್ ಪೂರ್ತಿ ತಣ್ಣಗಾಗಿರುವಾಗ, ತಲೆಯ ನಟ್ಟು, ಇಂಜಿನ್ ಬೋಲ್ಟು, ಚಕ್ರದ ಕಡ್ಡಿಗಳನ್ನು ಮತ್ತೊಮ್ಮೆ ನೋಡಿ ಬಿಗಿಯಬೇಕು. ಹೊಸದಾಗಿ ಕೂಡಿದವು ಆ ಹೊತ್ತಿಗೆ ಕುಳಿತು ಸಡಿಲವಾಗಿರುತ್ತವೆ. ಈಗ ದೊರೆಯುವ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೂ ಎಥನಾಲ್ ಇರುವುದರಿಂದ ಅದು ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಪೆಟ್ರೋಲ್ ಕೊಳವೆ, ನಲ್ಲಿಯ ವಾಷರುಗಳನ್ನು ಅದಕ್ಕೆ ತಾಳುವಂಥವನ್ನೇ ಹಾಕಿಸಬೇಕು. ಬಂಡಿ ಬಹಳ ದಿನ ನಿಲ್ಲುವುದಾದರೆ ಟ್ಯಾಂಕನ್ನೂ ಕಾರ್ಬುರೇಟರನ್ನೂ ಬರಿದು ಮಾಡಿಡಬೇಕು. ಹದಿನೈದು ದಿನಕ್ಕೊಮ್ಮೆಯಾದರೂ ಊರ ಹೊರಗಿನ ಕೆರೆಯ ಏರಿಯವರೆಗೆ ಓಡಿಸಿ ತಂದರೆ ಈ ತೊಂದರೆಯೇ ಬರುವುದಿಲ್ಲ.